‘ನೊಣೆದೈತೆ’ ಎಂದ ಸೊಸೆ

ದನದ ಕತ್ತು ಮುಟ್ಟಿ ನೋಡದೆ ಬಾಯಿಗೆ ಎಣ್ಣೆ ಹೊಯ್ಯಬೇಡಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸದಿಂದ ನೀನು ಕಲಿತದ್ದೇನು, ಒಂದೇ ಸಾಲಿನಲ್ಲಿ ಹೇಳು ಎಂದರೆ ನಾನು ಹೇಳುವುದು ಇಷ್ಟೇ. ಆದರೆ ನನ್ನ ತಂಗಿಯ ಮಗಳು ಸುಮ ಒಂದು ಸಾಲಿಗೆ ಒಪ್ಪುವವಳಲ್ಲ. ಅವಳು ಈಚೆಗಷ್ಟೇ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅವಳ ಜೊತೆ ಸೇರಿದ ಇನ್ನೂ ಕೆಲವರಿದ್ದಾರೆ. "ಮಾವ, ನಿಮ್ಮ ಕಾಲದ್ದು ಏನಿದ್ರೂ ಬರೆದುಕೊಡಿ, ನಾವೆಲ್ಲ ಓದ್ತೀವಿ" ಎಂದು ಒಂದು ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದಿಟ್ಟು ಹೋದಳು. ಬರೆಯದೆ ಇದ್ದರೆ ಭಾನುವಾರ ಬಂದು ಮುಖ ಊದಿಸಿಕೊಂಡು ಕೂರುತ್ತಾಳೆ.

ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಲ ಬಂತು. ಎರಡು ಸಲವೂ ನನ್ನ ಕುರ್ಚಿ ಬದಲಾಯಿತು, ದನಗಳಿಗೆ ಅದು ಗೊತ್ತೂ ಆಗಲಿಲ್ಲ. ನಾನು ಡಾಕ್ಟರಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಾನು ಪಶುವೈದ್ಯಕೀಯ ಪರೀಕ್ಷಕ. ಡಾಕ್ಟರು ಪೇಟೆಯ ಆಸ್ಪತ್ರೆಯಲ್ಲಿ, ನಾನು ಹಳ್ಳಿಯ ಉಪಕೇಂದ್ರದಲ್ಲಿ. ಚುಚ್ಚುಮದ್ದು, ಗಾಯಕ್ಕೆ ಮದ್ದು, ಸಣ್ಣಪುಟ್ಟ ಕಾಯಿಲೆ ನನ್ನ ಪಾಲು. ಕೈ ಮೀರಿದ್ದು ಅವರ ಪಾಲು. ಯಾವುದು ಕೈ ಮೀರಿದ್ದು ಎಂದು ತಿಳಿಯುವುದೇ ಕೆಲಸದ ಕಷ್ಟದ ಭಾಗ. ಜನರಿಗೆ ಆ ಭೇದವಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ನಾನು ಅವರಿಗೆ ‘ದನದ ಡಾಕ್ಟ್ರು’ ಆದೆ. ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗೂ ಇರಲಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಮೈಸೂರು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು ನಾವು. ನನಗೆ ಮೊದಲು ಕೆಲಸ ಸಿಕ್ಕಿದ್ದು ಜಿಲ್ಲೆಯ ಉತ್ತರ ತುದಿಯಲ್ಲಿ, ಕೊಡ್ಲಿಪೇಟೆಯ ಆಚೆಯ ಒಂದು ಹಳ್ಳಿಯಲ್ಲಿ. ಅಲ್ಲಿಯೂ ಕನ್ನಡವೇ, ಆದ್ದರಿಂದ ಮಾತಿನ ತೊಂದರೆ ಇಲ್ಲ ಎಂದುಕೊಂಡು ಹೋದೆ. ಮಡಿಕೇರಿ ಕಡೆ ಹೋಗಿದ್ದರೆ ಕೊಡವ ಭಾಷೆ, ಅರೆಭಾಷೆ, ಮಲಯಾಳ ಎಲ್ಲ ಕಲಿಯಬೇಕೆಂಬ ಹೆದರಿಕೆಯಾದರೂ ಇರುತ್ತಿತ್ತು. ನನ್ನ ಭಾಷೆಯೇ ಆಡುವ ಊರಿನಲ್ಲಿ ನನಗೆ ತಿಳಿಯದ ಮಾತು ಇರಬಹುದು ಎಂದು ಹೊಳೆಯಲೇ ಇಲ್ಲ.

‘ನೊಣೆ’ ಎಂಬ ಮಾತು ನಿಮಗೆ ಗೊತ್ತೇ? ಕೆರೆಯನ್ನು ನುಂಗಿ ನೊಣೆದರು, ಗೋಮಾಳವನ್ನು ನುಂಗಿ ನೊಣೆದರು ಎಂದು ಆಗೊಮ್ಮೆ ಈಗೊಮ್ಮೆ ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ಅದು ‘ನುಂಗು’ವಿನ ಬಾಲ ಹಿಡಿದುಕೊಂಡು ಹೇಗೋ ಬದುಕಿದೆ. ಹಳಗನ್ನಡದಲ್ಲಿ ಅದು ಯಾರ ಬಾಲವನ್ನೂ ಹಿಡಿಯದೆ ತಾನೇ ಓಡಾಡಿಕೊಂಡಿತ್ತು ಎಂದು ನಮ್ಮ ಬೀದಿಯ ಕನ್ನಡ ಮೇಷ್ಟ್ರು ಹೇಳುತ್ತಾರೆ. ನಾನು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ಕೊಟ್ಟಿಗೆಯಿಂದ. ದನ ಮೇಯುತ್ತದೆ ಎಂದರೆ ನಿಧಾನ, ಅದಕ್ಕೆ ಇಡೀ ದಿನ ಇದೆ. ಮುಕ್ಕುತ್ತದೆ ಎಂದರೆ ಬಾಯಿತುಂಬ ತುಂಬಿಕೊಂಡು ಅಗಿಯುತ್ತಿದೆ. ನೊಣೆಯುತ್ತದೆ ಎಂದರೆ ಹಲ್ಲು ತಾಗಿಸಲೇ ಇಲ್ಲ, ಬಾಯಿಗೆ ಬಂದದ್ದನ್ನು ಇಡಿಯಾಗಿ ಗಂಟಲಿಗೆ ಇಳಿಸಿದೆ. ಅದೂ ಹಸಿವಿನಿಂದಲ್ಲ. ಪಕ್ಕದಲ್ಲಿ ಇನ್ನೊಂದು ದನ ನಿಂತಿದೆ, ಅದು ಕಿತ್ತುಕೊಂಡೀತು ಎಂಬ ಆತುರದಿಂದ. ಒಂಟಿ ದನ ನೊಣೆಯುವುದಿಲ್ಲ. ಈ ಒಂದು ಮಾತಿನೊಳಗೆ ಏನು ತಿಂತು, ಹೇಗೆ ತಿಂತು, ಈಗ ಅದು ಎಲ್ಲಿ ಸಿಕ್ಕಿಕೊಂಡಿದೆ ಎಲ್ಲವೂ ಇದೆ. ನಮ್ಮ ಪಾಠದ ಪುಸ್ತಕದಲ್ಲಿ ಇಷ್ಟನ್ನು ಹೇಳಲು ಅರ್ಧ ಪುಟ ಬೇಕಾಗಿತ್ತು.

ಈ ಮಾತನ್ನು ನನಗೆ ಮೊದಲು ಹೇಳಿದವಳು ಮಂಗಳ. ಹೇಳಿದಾಗ ನಾನು ಕೇಳಿಸಿಕೊಳ್ಳಲಿಲ್ಲ.

ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹಲಸು ಹಣ್ಣಾಗುವ ಕಾಲ. ಗೌರಮ್ಮ ಎಂಬ ಹೆಂಗಸಿನ ಮನೆಯಿಂದ ಹೇಳಿಕಳಿಸಿದರು. ಗೌರಮ್ಮನ ಮನೆ ನನಗೆ ಹೊಸದಲ್ಲ. ಆ ಕಡೆ ಹೋದಾಗಲೆಲ್ಲ ಅಕ್ಕಿರೊಟ್ಟಿ ತಿನ್ನಿಸದೆ ಬಿಡುತ್ತಿರಲಿಲ್ಲ. ಮದುವೆಯಾಗದ ಹುಡುಗ, ಬಾಡಿಗೆ ಕೋಣೆಯಲ್ಲಿ ಏನು ಬೇಯಿಸಿಕೊಳ್ಳುತ್ತಾನೋ ಎಂದು ಅವರ ಸಂಕಟ. ಅವರ ಮಗನಿಗೆ ಮೂರು ತಿಂಗಳ ಹಿಂದೆ ಮದುವೆಯಾಗಿತ್ತು. ಸೊಸೆ ಮಂಗಳ ಹೇಮಾವತಿ ಹೊಳೆಯ ಕಡೆಯ ಯಾವುದೋ ಹಳ್ಳಿಯವಳು. ದನಗಳ ನಡುವೆಯೇ ಬೆಳೆದವಳು ಎಂದು ಗೌರಮ್ಮನೇ ಹೆಮ್ಮೆಯಿಂದ ಹೇಳಿದ್ದರು. ಅವಳು ಆಡುವ ಮಾತು ಕೇಳಿ ನಗುತ್ತಲೂ ಇದ್ದರು.

ನಾನು ಹೋದಾಗ ಅವರ ಹಸು ಕೆಂಪಿ ಅಂಗಳದಲ್ಲಿ ಕತ್ತು ಚಾಚಿ ನಿಂತಿತ್ತು. ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಎಡ ಪಕ್ಕೆ ಊದಿತ್ತು.

"ಏನಾಯ್ತವ್ವ?" ಎಂದೆ.

"ಬೆಳಿಗ್ಗೆಯಿಂದ ಹಿಂಗೇ ನಿಂತೈತೆ ಡಾಕ್ಟ್ರೆ. ಹುಲ್ಲು ಮುಟ್ಟಿಲ್ಲ, ನೀರು ಮುಟ್ಟಿಲ್ಲ. ಹೊಟ್ಟೆ ನೋಡಿ, ತಮಟೆ ಆಗೈತೆ" ಎಂದರು ಗೌರಮ್ಮ.

ಕೊಟ್ಟಿಗೆಯ ಕಂಬದ ಹತ್ತಿರ ನಿಂತಿದ್ದ ಮಂಗಳ, "ಕೆಂಪಿ ನೊಣೆದೈತೆ ಸಾರ್" ಎಂದಳು. "ಹಲಸಿನ ಗೂಂಜು ಬಿದ್ದಿತ್ತು. ಬೆಳ್ಳಿನೂ ಬಾಯಿ ಹಾಕ್ತು. ಅದಕ್ಕೆ ಇದು ನೊಣೆದ್‌ಬಿಡ್ತು."

ಬೆಳ್ಳಿ ಅವರ ಇನ್ನೊಂದು ಹಸು. ಗೂಂಜು ಎಂದರೆ ಹಲಸಿನ ನಡುವಿನ ದಿಂಡು.

"ನೀ ಸುಮ್ಕಿರು. ಡಾಕ್ಟ್ರು ನೋಡ್ತಾವ್ರಲ್ಲ. ನಿಮ್ಮೂರ ಮಾತು ಇಲ್ಲಿ ಯಾರಿಗೆ ತಿಳೀತದೆ?" ಎಂದು ಗೌರಮ್ಮ ಗದರಿದರು.

"ಅಲ್ಲ ಅತ್ತೆ, ಬರೀ ತಿಂದಿದ್ರೆ ಹಿಂಗೆ ಕತ್ತು..."

ಅವಳ ಮಾತನ್ನು ಅಷ್ಟಕ್ಕೇ ನಿಲ್ಲಿಸಿದವನು ನಾನು. "ಆಯ್ತಮ್ಮ, ಹಲಸು ತಿಂದಿದೆ, ಗೊತ್ತಾಯ್ತು. ಹೋಗಿ ಸ್ವಲ್ಪ ಬಿಸಿನೀರು ತಗೊಂಡ್ಬನ್ನಿ" ಎಂದೆ. ಅವಳು ಒಳಗೆ ಹೋದಳು. ಆಮೇಲೆ ಬಾಯಿ ಬಿಡಲಿಲ್ಲ.

ಹಲಸು ಹೆಚ್ಚು ತಿಂದ ದನಕ್ಕೆ ಹೊಟ್ಟೆ ಉಬ್ಬುವುದು ಆ ಕಾಲದಲ್ಲಿ ದಿನನಿತ್ಯದ ಕೇಸು. ಮದ್ದೂ ಗೊತ್ತಿತ್ತು. ಎಣ್ಣೆಗೆ ಔಷಧ ಬೆರೆಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ದನದ ಮೂತಿ ಮೇಲೆತ್ತಿ ಗಂಟಲಿಗೆ ಹೊಯ್ಯುವುದು. ಹಾಗೇ ಹೊಯ್ದೆ. ಕೆಂಪಿ ನುಂಗಲಿಲ್ಲ, ಕೆಮ್ಮಿತು. ಎಣ್ಣೆ ಮೂಗಿನಲ್ಲಿ ಬಂತು. ಚೇಷ್ಟೆ ಮಾಡುತ್ತಿದೆ ಎಂದುಕೊಂಡು ಇನ್ನೊಂದು ಗೊಟ್ಟ ಹೊಯ್ದೆ. ಊತ ಇಳಿಯದ್ದರಿಂದ ಪಕ್ಕೆಗೆ ಕೊಳವೆ ಚುಚ್ಚಿದೆ. ಬುಸ್ಸೆಂದು ಗಾಳಿ ಹೊರಟು ಹೊಟ್ಟೆ ಇಳಿಯಿತು. ನೋಡಲು ನಿಂತಿದ್ದ ನೆರೆಮನೆಯವರು ಹೋ ಎಂದರು. ಸಂಜೆಯ ಹೊತ್ತಿಗೆ ಗೂಂಜೂ ಹೇಗೋ ತಾನಾಗಿ ಒಳಗಿಳಿದಿರಬೇಕು, ಕೆಂಪಿ ಎರಡು ಎಸಳು ಹುಲ್ಲು ಕಡಿಯಿತು. ನಾನು ಆ ಮನೆಯಲ್ಲಿ ರೊಟ್ಟಿ ತಿಂದು, ಕಾಫಿ ಕುಡಿದು, ಕೇಸಿನ ಪುಸ್ತಕದಲ್ಲಿ ‘ಹಲಸು ತಿಂದು ಹೊಟ್ಟೆ ಉಬ್ಬರ, ಗುಣ’ ಎಂದು ಬರೆದೆ.

ಗಂಟಲಿನಲ್ಲಿ ದಿಂಡು ಸಿಕ್ಕಿಕೊಂಡ ದನಕ್ಕೆ ಎಣ್ಣೆ ಹೊಯ್ದರೆ ಅದು ಹೊಟ್ಟೆಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಉಬ್ಬುವುದೂ ತೇಗು ಮೇಲೆ ಬರಲಾಗದೆಯೇ. ಇದು ನನಗೆ ಪರೀಕ್ಷೆ ಬರೆಯುವಾಗ ಗೊತ್ತಿತ್ತು, ಆ ಅಂಗಳದಲ್ಲಿ ಗೊತ್ತಿರಲಿಲ್ಲ. ಐದನೆಯ ದಿನ ಕೆಂಪಿ ಸತ್ತಿತು. ಸುದ್ದಿ ಕೇಳಿ ನಾನು ಹೋದಾಗ ಮೂಗಿನ ಹೊಳ್ಳೆಯಲ್ಲಿ ನೊರೆ ಒಣಗಿತ್ತು. ಗೌರಮ್ಮ ಜಗಲಿಯಲ್ಲಿ ಕುಳಿತು ಅಳುತ್ತಿದ್ದರು. ಅಳುವಿನ ನಡುವೆ ಸೊಸೆಯನ್ನು ಬೈಯುತ್ತಿದ್ದರು.

"ಮರದಡಿಗೆ ಬಿಚ್ಚಿದವಳು ಇವಳೇ. ದನ ಕಂಡವಳಂತೆ, ದನ! ಕಾಲಿಟ್ಟು ಮೂರು ತಿಂಗಳಾಗ್ಲಿಲ್ಲ, ಮನೆ ಲಕ್ಷ್ಮಿಯಂಥ ಹಸುವ ಕಳೆದ್ಲು. ಡಾಕ್ಟ್ರು ಪಾಪ ಉಳಿಸಿಕೊಟ್ಟಿದ್ರು."

ಮಂಗಳ ಕೆಂಪಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಅದರ ಕಿವಿ ಸವರುತ್ತಿದ್ದಳು. ಒಂದು ಸಲ ತಲೆಯೆತ್ತಿ ನನ್ನ ಕಡೆ ನೋಡಿದಳು. ಮೂಗಿನಲ್ಲಿ ಬಂದ ಎಣ್ಣೆಯ ನೆನಪು ಆಗಲೇ ನನ್ನನ್ನು ಚುಚ್ಚುತ್ತಿತ್ತು, ಆದರೂ ನಾನು ‘ಹಣೆಬರಹ ಅವ್ವ’ ಎಂದು ಹೇಳಿ ಎದ್ದು ಬಂದೆ. ಈ ವಾಕ್ಯವನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ.

ನಮ್ಮ ಡಾಕ್ಟರು ಮೂರ್ನಾಡು ಕಡೆಯವರು. ಮನೆಯಲ್ಲಿ ಕೊಡವ ಭಾಷೆ, ನಮ್ಮ ಜೊತೆ ಕನ್ನಡ, ಕಾಫಿ ತೋಟದ ಲೈನ್ ಮನೆಗಳ ಕೂಲಿಯವರ ಜೊತೆ ತಮಿಳು, ಕೋಳಿ ವ್ಯಾಪಾರಿಗಳ ಜೊತೆ ಮಲಯಾಳ. ಬೈಯಲು ಮಾತ್ರ ಇಂಗ್ಲಿಷ್. ಆರೇಳು ತಿಂಗಳ ಮೇಲೆ ಒಂದು ದಿನ ಅವರ ಜೊತೆ ನಾನು ಇನ್ನೊಂದು ಹಳ್ಳಿಗೆ ಹೋಗಿದ್ದೆ. ಅದೂ ಹೇಮಾವತಿ ಹೊಳೆಯ ದಂಡೆಯ ಊರು. ಅಲ್ಲಿ ದನ ಮೇಯಿಸುವ ಮುದುಕ ಸಣ್ಣಪ್ಪ ಎಂಬವನು ಎಮ್ಮೆಯನ್ನು ತೋರಿಸಿ, "ನೊಣೆದೈತೆ ಬುದ್ಧಿ, ಗೆಣಸು" ಎಂದ. ಮಂಗಳ ಆಡಿದ್ದ ಅದೇ ಮಾತು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಕೇಳಿದರು:

"ನೊಣೆದೈತೆ ಅಂದ್ರೇನಪ್ಪಾ?"

ಅಷ್ಟೇ. ಮೂವತ್ತು ವರ್ಷ ಸರ್ವಿಸ್ ಆದ ಮನುಷ್ಯ ಒಬ್ಬ ದನ ಕಾಯುವವನನ್ನು ನಾಚಿಕೆಯಿಲ್ಲದೆ ಕೇಳಿದ್ದು ಇಷ್ಟು. ಸಣ್ಣಪ್ಪ ಕತ್ತು ಮುಂದೆ ಚಾಚಿ, ಕಣ್ಣು ಪಕ್ಕಕ್ಕೆ ಹೊರಳಿಸಿ, ಗುಳುಕ್ಕನೆ ನುಂಗಿದಂತೆ ಮಾಡಿ ಗಂಟಲ ಮೇಲೆ ಬೆರಳಿಟ್ಟು ತೋರಿಸಿದ. "ಹಲ್ಲು ತಾಕ್ಸಿಲ್ಲ ಬುದ್ಧಿ. ಇಲ್ಲೇ ಕೂತಿರ್ತದೆ." ಡಾಕ್ಟರು ಎಮ್ಮೆಯ ಕತ್ತಿನ ಎಡಭಾಗದಲ್ಲಿ ಕೈಯಾಡಿಸಿದರು. ನನ್ನ ಕೈ ಹಿಡಿದು ಅಲ್ಲಿಡಿಸಿದರು. ಚರ್ಮದ ಕೆಳಗೆ ಮುಷ್ಟಿಯಷ್ಟು ಗಟ್ಟಿ ಗಂಟು. ಬಾಯಿಗೆ ಒಂದು ಹನಿ ಏನನ್ನೂ ಹಾಕದೆ, ಎರಡೂ ಕೈಯಿಂದ ಹೊರಗಿನಿಂದಲೇ ಅದನ್ನು ಮೆಲ್ಲಗೆ ಮೇಲಕ್ಕೆ ನೀವುತ್ತ, ಒಂದು ಗಂಟೆಗೂ ಹೆಚ್ಚು ಹೊತ್ತು ಹೆಣಗಿ, ಕೊನೆಗೆ ಬಾಯಿಗೆ ಕೈಹಾಕಿ ಗೆಣಸನ್ನು ಹೊರಗೆ ತೆಗೆದರು. ಎಮ್ಮೆ ಅವರ ಅಂಗಿಗೆ ಮೂತಿ ಒರೆಸಿತು.

ಜೀಪಿನಲ್ಲಿ ಬರುವಾಗ ನಾನು ಕೆಂಪಿಯ ಕಥೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಆ ಹುಡುಗಿ ಹೇಳಿದ್ಲಾ ನಿಂಗೆ?" ಎಂದರು. ಹೂಂ ಎಂದೆ. "ದನಕ್ಕೆ ಮಾತು ಬರಲ್ಲ ಮಾರಾಯಾ. ಮಾತು ಬರೋದು ಅದನ್ನ ಕಟ್ಟಿದವಳಿಗೆ. ಅವಳನ್ನೂ ಬಾಯಿ ಮುಚ್ಚಿಸಿದ್ರೆ ನಿಂಗೆ ಯಾರು ಹೇಳ್ಬೇಕು?" ಆಮೇಲೆ, "ಹೋಗಿ ಹೇಳು ಅವರಿಗೆ" ಎಂದರು. ಹೋಗುತ್ತೇನೆ ಎಂದೆ.

ಹೋಗಲಿಲ್ಲ. ನಾಳೆ ಹೋಗುತ್ತೇನೆ ಎಂದು ಒಂದು ವಾರ, ಆ ಕಡೆ ಕೇಸು ಬಂದಾಗ ಹೋಗುತ್ತೇನೆ ಎಂದು ಒಂದು ತಿಂಗಳು. ಕೇಸು ಬಂದಾಗ ಗದ್ದೆಯ ಬದುವಿನ ಮೇಲೆ ಸುತ್ತುಹಾಕಿ ಹೋದೆ, ಆ ಮನೆಯ ಮುಂದೆ ಹಾಯದ ಹಾಗೆ. ಒಮ್ಮೆ ಸಂತೆಯಲ್ಲಿ ಗೌರಮ್ಮ ಕಂಡು, "ಯಾಕ್ ಡಾಕ್ಟ್ರೆ, ನಮ್ಮನೆ ರೊಟ್ಟಿ ಬೇಜಾರಾಯ್ತಾ?" ಎಂದರು. ಕೆಲಸ ಜಾಸ್ತಿ ಎಂದೆ. ಮಂಗಳ ಅವರ ಹಿಂದೆ ಚೀಲ ಹಿಡಿದುಕೊಂಡು ನಿಂತಿದ್ದಳು, ನನ್ನನ್ನು ನೋಡಲಿಲ್ಲ. ಆಮೇಲೆ ವರ್ಗವಾಯಿತು. ಕೇಳಿ ಪಡೆದ ವರ್ಗ ಎಂದು ಬರೆದರೇ ಸರಿ.

ಆದರೆ ಆ ಮಾತನ್ನು ಕೈಬಿಡಲಿಲ್ಲ. ಅಲ್ಲಿಯವರೆಗೆ ಕೇಸಿನ ಪುಸ್ತಕದಲ್ಲಿ ‘ಮಾಲೀಕರ ಹೇಳಿಕೆ’ ಎಂಬ ಕಾಲಮ್ಮಿನಲ್ಲಿ ನಾನು ಎಲ್ಲರಿಗೂ ಒಂದೇ ಬರೆಯುತ್ತಿದ್ದೆ: ಮೇವು ಬಿಟ್ಟಿದೆ. ಯಾರು ಏನೇ ಹೇಳಲಿ, ದನ ಮೇವು ಬಿಟ್ಟಿದೆ. ಅಲ್ಲಿಂದ ಮುಂದೆ ಅವರು ಆಡಿದ್ದನ್ನು ಆಡಿದ ಹಾಗೇ ಬರೆಯತೊಡಗಿದೆ. ‘ನಿಂತಲ್ಲೇ ಜೋಲುತ್ತದೆ’, ‘ಕರುವನ್ನು ಮೂಸುತ್ತದೆ, ನೆಕ್ಕುವುದಿಲ್ಲ’, ‘ಮೆಲುಕು ಮರೆತಿದೆ’. ವರ್ಗವಾಗುವ ಮೊದಲೇ ಒಂದು ಸಲ ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಇದನ್ನು ನೋಡಿ ಕೆಂಪು ಶಾಯಿಯಲ್ಲಿ ‘ಗ್ರಾಮ್ಯ ಪದಗಳನ್ನು ಬಳಸತಕ್ಕದ್ದಲ್ಲ’ ಎಂದು ಷರಾ ಬರೆದರು. ನಾನು ವಿವರಣೆ ಕೊಡಬೇಕಾಯಿತು. ಗ್ರಾಮದ ದನಗಳಿಗೆ ಗ್ರಾಮ್ಯ ಕಾಯಿಲೆಗಳೇ ಬರುತ್ತಿರುವುದರಿಂದ ಎಂದು ಶುರುಮಾಡಿ ಬರೆದಿದ್ದೆ. ನಮ್ಮ ಡಾಕ್ಟರು ಅದನ್ನು ಹರಿದುಹಾಕಿ, ತಾವೇ ಬೇರೊಂದನ್ನು ಬರೆದು ಕಳಿಸಿ ನನ್ನ ತಲೆ ಉಳಿಸಿದರು.

ವರ್ಗವಾಗಿ ಹೋದ ಊರುಗಳಲ್ಲೆಲ್ಲ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ: ಪಕ್ಕದಲ್ಲಿ ಇನ್ನೊಂದು ದನ ಇತ್ತಾ? ಇತ್ತು ಎಂದರೆ ಕೈ ಕತ್ತಿಗೆ ಹೋಗುತ್ತಿತ್ತು. ಬೆಣ್ಣೆಹಣ್ಣಿನ ಬೀಜ, ಮಾವಿನ ಓಟೆ, ಕಿತ್ತಳೆ, ಬೀಟ್‌ರೂಟು, ಏನೇನನ್ನೋ ನೀವಿ ತೆಗೆದೆ. ಕಕ್ಕಬೆ ಕಡೆ ಇದ್ದಾಗ ಒಂದು ಹೋಂಸ್ಟೇಯ ನಾಯಿ ಅತಿಥಿಯ ಕಾಲುಚೀಲವನ್ನು ನುಂಗಿತ್ತು. ಮನೆಯ ಯಜಮಾನರು ಗಾಬರಿಯಿಂದ, "ಸಾರ್, ಇದು ನೀವು ಹೇಳ್ತೀರಲ್ಲ, ಆ ನೊಣೆ ಕೇಸಾ?" ಎಂದರು. ಅಷ್ಟು ಹೊತ್ತಿಗೆ ನನ್ನ ಮಾತು ತಡಿಯಂಡಮೋಳ್ ಬೆಟ್ಟದ ಬುಡದವರೆಗೂ ಹಬ್ಬಿತ್ತು. ಪಕ್ಕದಲ್ಲಿ ಇನ್ನೊಂದು ನಾಯಿ ಇತ್ತೇ ಎಂದು ಕೇಳಿದೆ. ಇಲ್ಲ ಎಂದರು. ಹಾಗಾದರೆ ಇದು ನೊಣೆದದ್ದಲ್ಲ, ಬರೀ ಬುದ್ಧಿಗೇಡಿತನ ಎಂದೆ. ಮರುದಿನ ಕಾಲುಚೀಲ ಬರಬೇಕಾದ ದಾರಿಯಲ್ಲಿ ಬಂತು. ಅತಿಥಿ ಅದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಗಂಟಲ ಕೇಸಿಗೆ ಇವರೇ ಸರಿ ಎಂದು ನನಗೆ ಹೆಸರು ಬಂತು. ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆ ಕತ್ತು ನೀವುವುದನ್ನು ಕಲಿಸಿದೆ. ಅವರು ಚಪ್ಪಾಳೆ ತಟ್ಟಿದಾಗಲೆಲ್ಲ ಕೊಟ್ಟಿಗೆಯ ಕಂಬದ ಹತ್ತಿರ ನಿಂತ ಮಂಗಳ ಕಣ್ಣಿಗೆ ಬರುತ್ತಿದ್ದಳು. ಅವಳು ಕೊಟ್ಟ ಮಾತಿನಿಂದ ಎಷ್ಟೋ ದನ ಉಳಿದವು, ಅವಳ ಮನೆಯ ದನ ಉಳಿಯಲಿಲ್ಲ. ಆ ಮನೆಯಲ್ಲಿ ಅವಳು ಇನ್ನೂ ಹಸು ಕೊಂದ ಸೊಸೆಯೇ ಆಗಿರಬಹುದು ಎನ್ನಿಸುತ್ತಿತ್ತು. ಆ ಹೆಸರನ್ನು ತೆಗೆಯಬಲ್ಲವನು ನಾನೊಬ್ಬನೇ, ನಾನು ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ನಿವೃತ್ತಿಯಾದ ಮೇಲೆ ಎಲ್ಲರೂ ವಿಶ್ರಾಂತಿಯ ಮಾತಾಡುತ್ತಾರೆ. ನನಗೆ ಬಂದದ್ದು ಹಂಬಲ. ಬೆಳಿಗ್ಗೆ ಎದ್ದರೆ ಯಾರೂ ಗೇಟಿನ ಹತ್ತಿರ ನಿಂತು ಕೂಗುವುದಿಲ್ಲ. ಕೊಟ್ಟಿಗೆಯ ವಾಸನೆ, ಗಂಜಲದಲ್ಲಿ ಒದ್ದೆಯಾದ ಸೊಪ್ಪು, ದನದ ಬಿಸಿ ಉಸಿರು ಕೈಗೆ ತಾಗುವುದು, ಇವೆಲ್ಲ ಬೇಕು ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಆ ಹೆಂಗಸರ ಮಾತು ಬೇಕು. ಒಂದು ಹಸುವಿನ ಬೇಸರವನ್ನು ಹೇಳಲು ಅವರ ಬಳಿ ಎಷ್ಟು ಬಗೆ ಇತ್ತು! ಈಗ ಎಷ್ಟೋ ಕೊಟ್ಟಿಗೆಗಳಲ್ಲಿ ಒಂದೇ ಹಸು, ಕೆಲವು ಮನೆಗಳಲ್ಲಿ ಅದೂ ಇಲ್ಲ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ದನವೇ ಇಲ್ಲದ ಮೇಲೆ ನೊಣೆಯುವುದು ಎಲ್ಲಿಂದ ಬಂತು? ಸುಮ ತನ್ನ ಫೋನಿನಲ್ಲಿ ಕೇಸು ತುಂಬುವುದನ್ನು ತೋರಿಸಿದಳು. ‘ಮೇವು ತಿನ್ನುತ್ತಿಲ್ಲ’ ಎಂದು ಮೊದಲೇ ಬರೆದಿದೆ, ಬೆರಳಿನಿಂದ ಒತ್ತಿದರೆ ಮುಗಿಯಿತು. ನಾನು ಯೌವನದಲ್ಲಿ ಮಾಡುತ್ತಿದ್ದ ತಪ್ಪನ್ನು ಈಗ ಯಂತ್ರವೇ ಮಾಡುತ್ತಿದೆ.

"ಈ ನೊಣೆ ಅನ್ನೋ ಮಾತು ನಿಮಗೆ ಯಾರು ಹೇಳಿಕೊಟ್ಟಿದ್ದು ಮಾವ?" ಎಂದು ಸುಮ ಕೇಳಿದಳು. ಮಂಗಳಳ ಹೆಸರು ಹೇಳಿದೆ. "ಅವರು ಈಗ ಎಲ್ಲಿದ್ದಾರೆ?" ಎಂದಳು. ಆ ವಾರವೇ ಒಂದು ಬೆಳಿಗ್ಗೆ ಕೊಡ್ಲಿಪೇಟೆಯ ಬಸ್ಸು ಹತ್ತಿದೆ.

ಊರು ಬದಲಾಗಿತ್ತು. ರಸ್ತೆಗೆ ಡಾಂಬರು ಬಂದಿತ್ತು, ಗದ್ದೆಗಳಲ್ಲಿ ಶುಂಠಿ. ಆ ಮನೆಗೆ ಹೆಂಚು ಹೋಗಿ ತಾರಸಿ ಬಂದಿದ್ದರೂ ದಾರಿ ಕಾಲಿಗೆ ನೆನಪಿತ್ತು. ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಗೌರಮ್ಮ ಕುಳಿತಿದ್ದರು. ತುಂಬ ಸಣ್ಣಗಾಗಿದ್ದರು. ಅಂಗಳದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಎರಡು ಹಸುಗಳಿಗೆ ಹಸಿಹುಲ್ಲು ಕತ್ತರಿಸಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದರು. ಒಂದರ ಬುಟ್ಟಿ ಈ ಮೂಲೆಗೆ, ಇನ್ನೊಂದರದ್ದು ಆ ಮೂಲೆಗೆ. ನನ್ನನ್ನು ನೋಡಿ ಕತ್ತಿ ಕೆಳಗಿಟ್ಟರು.

"ದನದ ಡಾಕ್ಟ್ರಲ್ವಾ? ಬನ್ನಿ ಸಾರ್, ಕೂತ್ಕಳಿ. ಕಾಫಿ ತರ್ತೀನಿ."

"ಕಾಫಿ ಆಮೇಲೆ ಮಂಗಳಮ್ಮ. ಮೊದಲು ಒಂದು ಮಾತು ಹೇಳಬೇಕು" ಎಂದೆ. ಕೂರಲೂ ಇಲ್ಲ. ಕೂತರೆ ರೊಟ್ಟಿ ತಿಂದು ವಾಪಸ್ ಬಂದುಬಿಡುತ್ತೇನೆ ಎಂಬ ಹೆದರಿಕೆ. ಕೆಂಪಿಯ ವಿಷಯ ಹೇಳಿದೆ. ಗೂಂಜು ಗಂಟಲಲ್ಲಿ ಕುಳಿತಿತ್ತು, ನಾನು ಕತ್ತು ಮುಟ್ಟಿ ನೋಡಲಿಲ್ಲ, ಎಣ್ಣೆ ಹೊಯ್ದೆ, ಅದು ಶ್ವಾಸಕೋಶಕ್ಕೆ ಹೋಗಿ ಹಸು ಸತ್ತಿತು. ಆರು ತಿಂಗಳಲ್ಲೇ ಗೊತ್ತಾಗಿತ್ತು, ಬಂದು ಹೇಳುವ ಧೈರ್ಯ ಬರಲಿಲ್ಲ ಎಂದೆ.

ಅವರು ಕೈಗೆ ಅಂಟಿದ ಹುಲ್ಲಿನ ಚೂರುಗಳನ್ನು ಒಂದೊಂದಾಗಿ ತೆಗೆಯುತ್ತ ಕೇಳಿದರು. "ಮರದಡಿಗೆ ಬಿಚ್ಚಿದ್ದು ನಾನೇ ಸಾರ್, ಅದು ಸುಳ್ಳಲ್ಲ" ಎಂದರು.

"ಬಿಚ್ಚಿದ್ದಕ್ಕೆ ಸಾಯಲಿಲ್ಲ. ನಾನು ಕತ್ತು ನೀವಿ ಗೂಂಜು ತೆಗೆದಿದ್ದರೆ ಅದು ಬದುಕುತ್ತಿತ್ತು. ನೀವು ಅವತ್ತು ನನಗೆ ಹೇಳಿದ್ದು ಅದನ್ನೇ."

"ಹಂಗಾದ್ರೆ ನಾನು ಸರಿಯಾಗೇ ಹೇಳಿದ್ದೆ?"

"ಸರಿಯಾಗೇ ಹೇಳಿದ್ರಿ. ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ."

ಮಂಗಳಮ್ಮನ ಮುಖದಲ್ಲಿ ಸಿಟ್ಟಿತ್ತೋ ಅಳುವಿತ್ತೋ ತಿಳಿಯಲಿಲ್ಲ. ನನಗೆ ಎರಡೂ ಸಲ್ಲಬೇಕಾದದ್ದೇ. "ಆಮೇಲೆ ನಾನು ನಮ್ಮೂರ ಮಾತೇ ಬಿಟ್ಟೆ ಸಾರ್" ಎಂದರು. "ಏನಂದ್ರೂ ನಗೋರು, ಇಲ್ಲಾಂದ್ರೆ ಬೈಯೋರು. ನನ್ನ ಮಗಳು ಚಿಕ್ಕೋಳಿದ್ದಾಗ ದೊಡ್ಡೋರ ನಡುವೆ ಬಾಯಿ ಹಾಕಿದ್ರೆ ನಾನೇ ತಲೆ ಮೇಲೆ ಮೊಟಕ್ತಿದ್ದೆ. ನಿಂಗೇನು ಗೊತ್ತು ಸುಮ್ಕಿರು ಅಂತ."

ನಾನು ತಲೆ ತಗ್ಗಿಸಿ ನಿಂತೆ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು, ತೀರ ಚಿಕ್ಕದು ಅನ್ನಿಸಿತು. ಆದರೂ ಹೇಳಿದೆ.

"ನಂಗೆ ಹೇಳಿದ್ರಿ, ಆಯ್ತು" ಎಂದರು ಮಂಗಳಮ್ಮ. ಜಗಲಿಯ ಕಡೆ ಕೈ ತೋರಿಸಿದರು. "ಅಲ್ಲಿ ಹೋಗಿ ಇನ್ನೊಂದ್ಸಲ ಹೇಳಿ. ಜೋರಾಗಿ ಹೇಳ್ಬೇಕು, ಅತ್ತೆಗೆ ಕಿವಿ ಮಂದ."

ಜಗಲಿಯ ಮೆಟ್ಟಿಲ ಹತ್ತಿರ ಹೋಗಿ ನಿಂತು ಹೇಳಿದೆ. ಗೌರಮ್ಮ ಕಿವಿಗೆ ಕೈ ಅಡ್ಡ ಹಿಡಿದರು. ಇನ್ನೂ ಜೋರಾಗಿ ಹೇಳಿದೆ. ಪಕ್ಕದ ಮನೆಯ ಬಾಗಿಲಿಗೆ ಯಾರೋ ಬಂದು ನಿಂತರು. ದನದ ಡಾಕ್ಟರು ತನ್ನ ತಪ್ಪನ್ನು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದು ಹೀಗೆ: "ಅವ್ವ, ಕೆಂಪಿ ಸತ್ತದ್ದು ನನ್ನಿಂದ! ನಾನು ಹೊಯ್ದ ಎಣ್ಣೆಯಿಂದ! ನಿಮ್ಮ ಸೊಸೆಯಿಂದ ಅಲ್ಲ! ಅವರು ಹೇಳಿದ್ದೇ ಸರಿ!"

ಗೌರಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಅರ್ಥವಾಯಿತೋ ಇಲ್ಲವೋ ಎಂದು ನಾನು ಮತ್ತೆ ಬಾಯಿ ತೆರೆಯುವುದರಲ್ಲಿದ್ದೆ. ಅವರು ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದರು. ಕುರ್ಚಿಯಲ್ಲೇ ಕಷ್ಟಪಟ್ಟು ಅಂಗಳದ ಕಡೆ ತಿರುಗಿದರು.

"ಮಂಗ್ಳಾ, ಅವತ್ತು ನೀನು ಏನೋ ಅಂದೆ. ನಾನು ಬೈದೆ. ಏನಂದೆ?"

ಮಂಗಳಮ್ಮ ಹೇಳಿದರು. ತುಟಿ ಅಲುಗಿದ್ದು ಕಂಡಿತು. ನನ್ನವರೆಗೂ ಬರಲಿಲ್ಲ.

"ಕೇಳ್ಸಲಿಲ್ಲ."

ಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನಡುವೆ ಬಂದು ನಿಂತರು. ಗದ್ದೆಯ ಆಚೆಗಿರುವ ದನವನ್ನು ಕರೆಯುವವರ ಗಂಟಲು ಅದು.

"ನೊಣೆದೈತೆ ಅಂದೆ ಅತ್ತೆ! ಕೆಂಪಿ ನೊಣೆದೈತೆ ಅಂದೆ!"

ಗೌರಮ್ಮ ತಲೆಯಾಡಿಸಿದರು.

"ಹೂಂ" ಎಂದರು. "ಈಗ ಕೇಳಿಸ್ತು ಮಗಾ."